ಟವೆಲಿನ ನಾಲ್ಕನೇ ಮೂಲೆ

ಸ್ಕೂಟರ್ ಬಂದ ಮೇಲೆ ನನ್ನ ಬದುಕು ಸುಧಾರಿಸುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಆ ಕಾಲದಲ್ಲಿ ಸ್ಕೂಟರನ್ನು ಯಾರೂ ಕೊಳ್ಳುತ್ತಿರಲಿಲ್ಲ; ಹೆಸರು ಬರೆಸಿ ಕಾಯುತ್ತಿದ್ದರು. ಗದಗಿನಿಂದ ವರ್ಗವಾಗಿ ಬೆಳಗಾವಿಗೆ ಬಂದ ವರ್ಷ ನಾನೂ ಬರೆಸಿದೆ. ಮಗಳು ಹುಟ್ಟಿದಳು. ಶಾಲೆಗೆ ಸೇರಿದಳು. ಅವಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಸ್ಕೂಟರ್ ಬರಲಿಲ್ಲ. ಅಷ್ಟೂ ವರ್ಷ ನಾನು ಬೆಳಗಾವಿಯದೇ ಭಾಗವಾದ ಶಹಾಪುರದ ಬಾಡಿಗೆ ಮನೆಯಿಂದ ಖಾನಾಪುರದ ಸರ್ಕಾರಿ ಕಚೇರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತ, ಊಟಕ್ಕೆ ಕೂತಾಗಲೆಲ್ಲ ಆ ರೈಲನ್ನು ಶಪಿಸುತ್ತಿದ್ದೆ. ಹೆಂಡತಿ ಕಮಲಾ ನನ್ನ ಶಾಪಗಳನ್ನು ಶ್ರದ್ಧೆಯಿಂದ ಕೇಳಿಸಿಕೊಂಡು, "ಸ್ಕೂಟರ್ ಬರ್ಲಿ ತಡೀರಿ, ಬೆಳಕ ಇದ್ದಾಗನ ಮನಿ ಸೇರ್ತೀರಿ" ಎಂದು ಸಮಾಧಾನ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಆ ಹೂಂಗಳೇ ಮುಂದೆ ನನ್ನ ಕುತ್ತಿಗೆಗೆ ಬಂದವು.

ಯಾಕೆಂದರೆ ನಡುವೆ ಒಂದು ಸಂಗತಿ ನಡೆದಿತ್ತು. ಅದನ್ನು ನಾನು ಊಟದ ಹೊತ್ತಿಗೆ ಹೇಳಿರಲಿಲ್ಲ. ನನಗೆ ಗೆಳೆಯರು ಸಿಕ್ಕಿದ್ದರು.

ಮೂವತ್ತೈದು ದಾಟಿದ ಗಂಡಸಿಗೆ ಹೊಸ ಊರಿನಲ್ಲಿ ಗೆಳೆಯರು ಸಿಗುವುದು ಸ್ಕೂಟರ್ ಸಿಗುವುದಕ್ಕಿಂತ ಕಷ್ಟ. ಸ್ಕೂಟರಿಗಾದರೆ ಹೆಸರನ್ನಾದರೂ ಬರೆಸಬಹುದು. ಕಚೇರಿಯಲ್ಲಿ ಜನ ಇದ್ದರು, ನಿಜ. ಆದರೆ ಕಚೇರಿಯ ಸ್ನೇಹಗಳು ಬಡ್ತಿಯ ಸುದ್ದಿ ಬಂದ ದಿನ ಬಾಗಿಲು ಹಾಕಿಕೊಳ್ಳುತ್ತವೆ. ಓಣಿಯಲ್ಲಿ "ಊಟಾತೇನ್ರಿ?" ಎಂದು ಕೇಳುವವರಿದ್ದರು, ಉತ್ತರಕ್ಕೆ ನಿಲ್ಲುವವರಿರಲಿಲ್ಲ. ಹೀಗಾಗಿ ನಾನು ರೈಲಿನಲ್ಲಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಓದಿದ ಸುದ್ದಿಯನ್ನೇ ಮತ್ತೆ ಓದುತ್ತ ವರ್ಷಗಳನ್ನು ಕಳೆದಿದ್ದೆ.

ಆ ಒಂದು ಮುಂಜಾನೆ ಮಳೆ ಬರುತ್ತಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಬರೆಯುವುದಿಲ್ಲ. ಬಟ್ಟೆ ತೊಯ್ದದ್ದು ನೆನಪಿಲ್ಲ. ಗೆಳೆತನದ ಮೊದಲ ದಿನಕ್ಕೆ ಎಲ್ಲಿಂದಲೋ ಒಂದಿಷ್ಟು ಮಳೆ ತಂದು ಸುರಿಸುವುದು ನೆನಪಿನ ಚಾಳಿ. ಖಚಿತವಾಗಿ ನೆನಪಿರುವುದು ಇಷ್ಟೇ: ಪತ್ರಿಕೆಯ ಆಚೆಯಿಂದ ಒಂದು ದಪ್ಪ ದನಿ ಬಂತು.

"ಸಾಹೇಬ್ರ, ಒಂದೀಟ ಮೊಳಕಾಲ ಕೊಡ್ರಿ."

ಎದುರಾಬದುರು ಬೆಂಚಿನ ಮೇಲೆ ಮೂವರಿದ್ದರು. ನಡುವೆ ಒಂದು ಟವೆಲ್ ಹಾಸಿ, ಅದರ ಮೂಲೆಗಳನ್ನು ತಮ್ಮ ತಮ್ಮ ಮೊಳಕಾಲಿನ ಕೆಳಗೆ ಸಿಕ್ಕಿಸಿ ಇಸ್ಪೀಟು ಆಡುವ ಮಂದಿ. ಅವರ ನಾಲ್ಕನೆಯವನಿಗೆ ವರ್ಗವಾಗಿತ್ತು. ಟವೆಲಿನ ನಾಲ್ಕನೇ ಮೂಲೆ ಜೋತುಬಿದ್ದು ಎಲೆಗಳೆಲ್ಲ ಅತ್ತ ಜಾರುತ್ತಿದ್ದವು. ನಾನು ಮೊಳಕಾಲು ಕೊಟ್ಟೆ.

ದಪ್ಪ ದನಿಯವರು ಇಮಾಮಸಾಬ್, ಖಾನಾಪುರದ ಕಟ್ಟಿಗೆ ಡಿಪೋದ ಗುಮಾಸ್ತರು. ಪಕ್ಕದಲ್ಲಿ ಕುಲಕರ್ಣಿ ಮಾಸ್ತರು, ಅಲ್ಲಿಯ ಮರಾಠಿ ಶಾಲೆಯವರು. ಇನ್ನೊಬ್ಬ ಬಾಳಪ್ಪ, ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಆಟದ ಹೆಸರು ಮೆಂಡಿಕೋಟ್. ಇಬ್ಬಿಬ್ಬರು ಜೋಡಿಯಾಗಿ, ಹುಕುಂ ಅಂದರೆ ತುರುಫು ಯಾವುದೆಂದು ನೆನಪಿಟ್ಟು, ಹತ್ತರ ಎಲೆಗಳನ್ನು ಹಿಡಿಯಬೇಕು. ಮೊದಲೆರಡು ದಿನ ನನ್ನಿಂದ ಬೇಕಾದದ್ದು ಮೊಳಕಾಲು ಮಾತ್ರ. ನಾಲ್ಕನೆಯವನ ಎಲೆಗಳನ್ನೂ ಇಮಾಮಸಾಬರೇ ಆಡುತ್ತಿದ್ದರು. ಆಮೇಲೆ ಪಾಪ ಎನ್ನಿಸಿತೋ ಏನೋ, ನನ್ನ ಕೈಗೂ ಎಲೆ ಕೊಟ್ಟರು. ನಾನು ಇಮಾಮಸಾಬರ ಜೋಡಿಯಾದೆ. ಅವರು ಸೋಲತೊಡಗಿದರು.

"ಹುಕುಂ ಯಾವ್ದದ ಅಂತ ನೆನಪರ ಐತೇನ್ರಿ ಗದಗ?" ಎಂದು ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಗದಗಿನವನು ಎಂದಿದ್ದೆ; ಗದಗ ಎಂದೇ ಉಳಿದೆ. ನನ್ನ ಹೆಸರಿನಿಂದ ಕರೆಯುವವರು ಬೇಕಾದಷ್ಟಿದ್ದರು. ಹಣೆ ಚಚ್ಚಿಕೊಂಡು ಬೈದು, ಮರುದಿನ ಮತ್ತೆ ಜಾಗ ಹಿಡಿದು ಕಾಯುವವರು ಇವರು ಮಾತ್ರ.

ಆಗ ಸ್ಕೂಟರ್ ಬಂತು.

ಕಮಲಾ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದಳು. ಓಣಿಯವರೆಲ್ಲ ನಿಂತು ನೋಡಿದರು. ಇಷ್ಟು ವರ್ಷ ಶಪಿಸಿದ ರೈಲನ್ನು ಈಗ ಬಿಡಲು ಮನಸ್ಸಿಲ್ಲ ಎಂದು ಹೇಳುವುದು ಹೇಗೆ? ಹೇಳಲಿಲ್ಲ. ಬದಲಿಗೆ ಒಂದು ಯೋಜನೆ ಹೂಡಿದೆ. ಮುಂಜಾನೆ ಹೆಲ್ಮೆಟ್ ಧರಿಸಿ, ಕೈಬೀಸಿ, ಗಾಂಭೀರ್ಯದಿಂದ ಹೊರಡುವುದು. ನೇರ ರೈಲ್ವೆ ಸ್ಟೇಷನ್ನಿಗೆ ಹೋಗುವುದು. ಸೈಕಲ್ ಸ್ಟ್ಯಾಂಡಿನಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟನ್ನು ಕಂಕುಳಲ್ಲಿಟ್ಟು ರೈಲು ಹತ್ತುವುದು. ಹಿಂದಿರುಗುವುದು ತಡವಾಗುತ್ತಿತ್ತಲ್ಲ, ಅದಕ್ಕೂ ಉತ್ತರವಿತ್ತು: "ಹೊಸ ಇಂಜಿನ್. ಸಾವಕಾಶ ಓಡಸ್ಬೇಕು." ಸ್ಕೂಟರಿನ ಜೊತೆ ಬಂದ ಪುಸ್ತಕದಲ್ಲೂ ಹಾಗೇ ಇತ್ತು. ನಾನು ಅಕ್ಷರಶಃ ಪಾಲಿಸುತ್ತಿದ್ದೆ. ರೈಲಿಗಿಂತ ಒಂದು ಗಳಿಗೆಯೂ ಬೇಗ ಬರುತ್ತಿರಲಿಲ್ಲ.

ಯೋಜನೆಯಲ್ಲಿ ಲೋಪವಿರಲಿಲ್ಲ. ಲೋಪ ಇದ್ದದ್ದು ಪೆಟ್ರೋಲ್ ಟಾಕಿಯಲ್ಲಿ.

ಕಮಲಾ ಕಸಬರಿಗೆಯ ಕಡ್ಡಿಯೊಂದನ್ನು ಟಾಕಿಯಲ್ಲಿ ಅದ್ದಿ ನೋಡುವ ರೂಢಿ ಮಾಡಿಕೊಂಡಿದ್ದಳು. ಒಂದು ದಿನ ಕಡ್ಡಿ ಹಿಡಿದುಕೊಂಡೇ ಒಳಗೆ ಬಂದಳು.

"ಏನ್ರಿ ಇದು? ದಿನಾ ಖಾನಾಪುರಕ್ಕ ಹೋಗಿ ಬರ್ತೀರಿ, ಎಣ್ಣಿ ಇಳದಽ ಇಲ್ಲಲಾ?"

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ. ಆದರೆ ಅವಳ ಮುಖದಲ್ಲಿ ಅನುಮಾನವಿರಲಿಲ್ಲ; ಮೆಚ್ಚುಗೆ ಇತ್ತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನಗೆ ಅದರ ಅಭ್ಯಾಸವಿರಲಿಲ್ಲ.

"ಎಲ್ಲಾ ಓಡಸೂದರಾಗ ಐತಿ" ಎಂದೆ.

ಆ ಮಾತು ಸಂಜೆಯೊಳಗೆ ಓಣಿ ದಾಟಿತು. ಕಮಲಾ ಮನೆ ಮನೆಗೆ ಹೋಗಿ ಹೇಳಿ ಬಂದಳು. ಮರುದಿನದಿಂದ ಗಂಡಸರು ನಮ್ಮ ಕಟ್ಟೆಗೆ ಬರತೊಡಗಿದರು. ಮುಂದಾಳು ಪಕ್ಕದ ಮನೆಯ ಕಿರಾಣಿ ವ್ಯಾಪಾರಿ ಶಿವಬಸಪ್ಪ. ಅವರೂ ಸ್ಕೂಟರಿಗೆ ಹೆಸರು ಬರೆಸಿ ಕಾಯುತ್ತಿದ್ದರು. ನಾನು ಉಪನ್ಯಾಸ ಶುರು ಮಾಡಿದೆ. ಬ್ರೇಕನ್ನು ಕೊನೆಯ ಉಪಾಯವೆಂದು ತಿಳಿಯಬೇಕು. ಇಳಿಜಾರನ್ನು ಗೌರವಿಸಬೇಕು. ಗೇರ್ ಬದಲಿಸುವಾಗ ಮನಸ್ಸು ಶಾಂತವಾಗಿರಬೇಕು. ಜನ ತಲೆಯಾಡಿಸುತ್ತಿದ್ದರು. ಬೆಳಗಾವಿಯಲ್ಲಿ ಮೊದಲ ಬಾರಿಗೆ ನನ್ನ ಉತ್ತರಕ್ಕೆ ಜನ ನಿಂತಿದ್ದರು. ಅವರು ಬಂದದ್ದು ನನಗಾಗಿಯಲ್ಲ, ಮೈಲೇಜಿಗಾಗಿ ಎಂದು ಗೊತ್ತಿತ್ತು. ಆದರೂ ಚಹಾ ಮಾಡಿಸುತ್ತಿದ್ದೆ.

ಒಂದು ಸಂಜೆ ಶಿವಬಸಪ್ಪ ಎದ್ದು ನಿಂತು ಹೇಳಿದರು: "ನಾಳಿ ನಾನೂ ಬರ್ತೀನ್ರಿ. ಖಾನಾಪುರದಾಗ ಹಂಚ ನೋಡೂದೈತಿ. ಹಿಂದ ಕುಂತು ನೀವು ಹೆಂಗ ಓಡಸ್ತೀರಿ ಕಣ್ಣಾರೆ ನೋಡ್ತೀನಿ."

"ಅದಕ್ಕೇನ್ರಿ, ಅವಶ್ಯ ಬರ್ರಿ" ಎಂದು ಒಳಗಿನಿಂದ ಕಮಲಾ ಹೇಳಿಬಿಟ್ಟಳು.

ನನಗೆ ಮನೆಯಿಂದ ಸ್ಟೇಷನ್ನಿನವರೆಗೆ ಓಡಿಸುವುದು ಮಾತ್ರ ಗೊತ್ತಿತ್ತು. ಹಿಂದೆ ಶಿವಬಸಪ್ಪನಂಥ ಗಟ್ಟಿ ಆಳು ಕೂತಾಗ ಮುಂದಿನ ಗಾಲಿ ನೆಲ ಬಿಡಲು ಹವಣಿಸುತ್ತದೆ ಎಂಬುದು ಗೊತ್ತಿರಲಿಲ್ಲ. ಓಣಿಯ ತುದಿಯಲ್ಲೇ ಇಂಜಿನ್ ಎರಡು ಸಲ ಬಂದ್ ಬಿತ್ತು. "ಮನಸ್ಸ ಶಾಂತ ಇಟಗೋರಿ" ಎಂದು ಅವರು ನನ್ನ ಪಾಠವನ್ನು ನನಗೇ ಒಪ್ಪಿಸಿದರು. ಹಾಗೂ ಹೀಗೂ ಖಾನಾಪುರ ರಸ್ತೆ ಹಿಡಿದು ಮೂರನೇ ರೈಲ್ವೆ ಗೇಟಿಗೆ ಬಂದೆವು. ಗೇಟು ಬಿದ್ದಿತ್ತು.

ಯಾವ ರೈಲಿಗಾಗಿ ಬಿದ್ದಿದೆ ಎಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ.

ನಮ್ಮ ಪ್ಯಾಸೆಂಜರಿಗೆ ಮೂರನೇ ಗೇಟಿನವರೆಗೆ ವೇಗ ಎಂಬುದು ಬರುತ್ತಿರಲಿಲ್ಲ. ಅದು ಎಮ್ಮೆಯಂತೆ ತೂಗುತ್ತ ಬಂತು. ನಾನು ಹೆಲ್ಮೆಟಿನೊಳಗೆ ಆದಷ್ಟು ಮುದುಡಿಕೊಂಡೆ. ಆದರೂ ನೋಡದೆ ಇರಲಾಗಲಿಲ್ಲ. ನಮ್ಮ ಕಿಟಕಿ ಬಂತು. ಮೂವರೂ ಇದ್ದರು. ಟವೆಲ್ ಹಾಸಿತ್ತು. ನನ್ನ ಜಾಗದಲ್ಲಿ ಯಾರೂ ಇರಲಿಲ್ಲ. ಅಲ್ಲಿ ಕುಲಕರ್ಣಿ ಮಾಸ್ತರರ ಮೂರು ಅಂತಸ್ತಿನ ಊಟದ ಡಬ್ಬಿಯನ್ನು ಇಟ್ಟು, ಟವೆಲಿನ ನಾಲ್ಕನೇ ಮೂಲೆಯನ್ನು ಅದರ ಕೆಳಗೆ ಸಿಕ್ಕಿಸಿದ್ದರು.

ಜಾಗ ಖಾಲಿ ಇಟ್ಟಿದ್ದಾರೆ. ನನಗಾಗಿ. ಆ ಒಂದು ಕ್ಷಣ ಹೆಲ್ಮೆಟಿನ ಗಾಜನ್ನು ಮೇಲೆತ್ತಿದೆ. ಅದೇ ತಪ್ಪಾಯಿತು.

"ಏ ಗದಗ!" ಇಮಾಮಸಾಬರ ದನಿ ಇಡೀ ಗೇಟಿಗೆ ಕೇಳಿತು. "ದಿನಾ ನಮ್ಮ ಜೋಡಿ ಬರಾವ್ರು, ಇವತ್ತ ಅಲ್ಲೇನ್ ಮಾಡಾಕತ್ತೀರಿ?"

ಕುಲಕರ್ಣಿ ಮಾಸ್ತರು ಕಿಟಕಿಯಿಂದ ಅರ್ಧ ಹೊರಬಂದು ಸಲಹೆ ಕೊಟ್ಟರು: "ಅಹೋ, ಸ್ಕೂಟರ್ ಸ್ಟೇಷನ್ನಿನಾಗ ಬಿಟ್ಟು ಬರ್ರಿ, ದಿನದಂಗ!"

ರೈಲು ಹೋಯಿತು. ಗೇಟು ಎದ್ದಿತು. ಹಿಂದಿನ ಎತ್ತಿನ ಗಾಡಿಯವನು ಕೂಗತೊಡಗಿದ. ಶಿವಬಸಪ್ಪ ಮಾತ್ರ ಅಲುಗಲಿಲ್ಲ.

"ದಿನದಂಗ?" ಎಂದರು.

"ಹೌದ್ರಿ."

"ಹಂಗಾರ ಆ ಎಣ್ಣಿ ಎಲ್ಲಾ ಬರೇ ಸ್ಟೇಷನ್ ತನಕ ಹೋಗಿ ಬರಾಕ ಖರ್ಚಾಗೇತಿ?"

"ಹೌದ್ರಿ."

ವ್ಯಾಪಾರಿಯ ತಲೆ. ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಅಷ್ಟ ದಾರಿಗೆ ಇದು ಭಾಳ ಕುಡದೇತಲ್ರಿ" ಎಂದರು.

ಅವರು ಖಾನಾಪುರದಿಂದ ಮಧ್ಯಾಹ್ನದ ಬಸ್ಸಿಗೆ ಮರಳಿದರು. ನನ್ನ ಹಿಂದೆ ಇನ್ನೊಮ್ಮೆ ಕೂರುವ ಧೈರ್ಯ ಅವರಿಗಿರಲಿಲ್ಲ. ಹೀಗಾಗಿ ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಆ ಸಂಜೆ ಬೆಳಕಿರುವಾಗಲೇ ಮನೆ ಸೇರಿದ್ದೆ ಎಂಬುದನ್ನು ಯಾರೂ ಗಮನಿಸಲಿಲ್ಲ.

ಕಮಲಾ ಸಿಟ್ಟಾಗಿರಲಿಲ್ಲ. ಅದೇ ಕಷ್ಟವಾಯಿತು.

"ಯಾರವರು?"

"ಗೆಳ್ಯಾರು."

"ಮನಿ ಎಲ್ಲಿ?"

"ಗೊತ್ತಿಲ್ಲ."

"ಮಕ್ಕಳೆಷ್ಟು?"

"ಕೇಳಿಲ್ಲ."

"ಮತ್ತ ದಿನಾ ಏನ್ ಮಾತಾಡ್ತೀರಿ?"

"ಹುಕುಂ ಯಾವ್ದು ಅಂತ."

ಅವಳು ಹೊಸ್ತಿಲ ಮೇಲೆ ಕೂತಳು. "ನಿಮಗರ ರೈಲ ಸಿಕ್ತು. ಈ ಊರಾಗ ನನಗ ಯಾರದಾರ್ರಿ? ಸ್ಕೂಟರ್ ಬಂದ್ರ ನೀವು ಲಗೂನ ಬರ್ತೀರಿ, ಮಾತಾಡಾಕ ಒಬ್ರರ ಇರ್ತಾರ ಅಂತ ಕಾದೆ. ನೀವು ಬರ್ಲಿಲ್ಲ. ಮೈಲೇಜ ಹೇಳೂ ನೆವದಾಗ ನಾಕ ಮನಿ ಒಳಗ ಹೋಗಿ ಕುಂತಿದ್ದೆ. ಅದೂ ಈಗ ಹೋತು."

ನಾನು ಹೆಲ್ಮೆಟನ್ನು ಇನ್ನೂ ತೆಗೆದಿರಲಿಲ್ಲ. ತೆಗೆಯುವ ಮನಸ್ಸೂ ಆಗಲಿಲ್ಲ. ನನ್ನ ಸುಳ್ಳು ನನಗೆ ಉಳಿಸಿಕೊಟ್ಟದ್ದು ಮೂವರನ್ನು; ಅವಳಿಗೆ ತಂದುಕೊಟ್ಟದ್ದು ಇಡೀ ಓಣಿಯನ್ನು. ನನ್ನದು ಬಯಲಾದದ್ದರಿಂದ ಅವಳ ಓಣಿ ಹೋಗಿತ್ತು.

ಹಾಗೆ ನಾನು ಅಂದುಕೊಂಡೆ. ಮರುದಿನ ಓಣಿಯ ಹೆಂಗಸರು ನಗುವುದಕ್ಕೆಂದೇ ನಮ್ಮ ಮನೆಗೆ ಬಂದರಂತೆ. ನಕ್ಕರಂತೆ. ಚಹಾ ಆಯಿತಂತೆ, ಮತ್ತೊಮ್ಮೆ ನಕ್ಕರಂತೆ. ತಮ್ಮ ತಮ್ಮ ಗಂಡಂದಿರ ಕಥೆಗಳನ್ನೂ ಹೊರತೆಗೆದರಂತೆ. ಆಮೇಲೆ ಬರುವುದನ್ನು ನಿಲ್ಲಿಸಲೇ ಇಲ್ಲ. ಮೈಲೇಜಿಗಿಂತ ಗಂಡನ ಮೂರ್ಖತನ ಹೆಚ್ಚು ದೂರ ಓಡುತ್ತದೆ. ಇದರಿಂದ ನಾನೊಂದು ನೀತಿ ಕಲಿತೆ ಎಂದು ಬರೆಯಬಹುದಿತ್ತು. ಕಲಿತ ನೆನಪಿಲ್ಲ. ಒಂದು ಒಪ್ಪಂದವಾದದ್ದು ಮಾತ್ರ ನೆನಪಿದೆ: ವಾರದಲ್ಲಿ ಎರಡು ದಿನ ಸ್ಕೂಟರ್, ಬೆಳಕಿರುವಾಗ ಮನೆ. ಉಳಿದ ದಿನ ರೈಲು.

ಗೇಟಿನ ಪ್ರಸಂಗದ ಮರುದಿನ ಮುಂಜಾನೆ ನಾನು ರೈಲು ಹತ್ತಿದ್ದು ಬೇರೆಯೇ ಮನುಷ್ಯನಾಗಿ. ಕಮಲಾ ಕೇಳಿದ ಪ್ರಶ್ನೆಗಳು ತಲೆಯಲ್ಲಿದ್ದವು. ಕೂತವನೇ ಶುರು ಮಾಡಿದೆ. ಇಮಾಮಸಾಬ್, ನಿಮ್ಮ ಮನೆ ಎಲ್ಲಿ? ಮಾಸ್ತರ, ನಿಮಗೆ ಮಕ್ಕಳೆಷ್ಟು? ಬಾಳಪ್ಪ, ತಾಯಿ ತಂದೆ ಹೇಗಿದ್ದಾರೆ?

ಮೂವರೂ ಎಲೆ ಕೆಳಗಿಟ್ಟು ನನ್ನನ್ನು ನೋಡಿದರು.

"ಯಾಕ್ರಿ," ಎಂದ ಬಾಳಪ್ಪ, "ಜನಗಣತಿ ಕೆಲ್ಸಕ್ಕ ಹಾಕ್ಯಾರೇನು?"

ಆದರೂ ನನ್ನ ಎದೆ ತುಂಬಿತ್ತು. ಹೇಳಲೇಬೇಕಿತ್ತು. "ನಿನ್ನೆ ಗೇಟಿನಾಗಿಂದ ನೋಡಿದೆ," ಎಂದೆ. "ನನ್ನ ಜಾಗಾ ಖಾಲಿ ಇಟ್ಟಿದ್ರಿ. ಡಬ್ಬಿ ಇಟ್ಟಿದ್ರಿ. ಯಾರನೂ ಕುಂದರಿಸಿರಲಿಲ್ಲ."

"ಕುಂದರಸಾಕ ನೋಡಿದ್ವಿ ಬಾಬಾ," ಎಂದರು ಕುಲಕರ್ಣಿ ಮಾಸ್ತರು. "ಇಡೀ ಬೋಗ್ಯಾಗ ಅಡ್ಡಾಡಿ ಕೇಳಿದ್ವಿ. ಯಾರೂ ಮೊಳಕಾಲ ಕೊಡ್ಲಿಲ್ಲ."

"ಖರೇ ಹೇಳ್ಬೇಕಂದ್ರ," ಎಂದು ಇಮಾಮಸಾಬರು ಎಲೆ ಕಲೆಸುತ್ತ ಸೇರಿಸಿದರು, "ಎರಡೂ ಕೈ ನಾನ ಆಡಿದೆ. ಭಾಳ ದಿವ್ಸದ ಮ್ಯಾಲ ಗೆದ್ದೆ. ಡಬ್ಬಿ ಛಲೋ ಆಡ್ತದ್ರಿ. ಹುಕುಂ ಮರ್ಯಂಗಿಲ್ಲ."

ಮೂವರೂ ಗಂಭೀರವಾಗಿ ತಲೆಯಾಡಿಸಿದರು. ನಾನೂ ಆಡಿಸಿದೆ. ಬೇರೆ ಏನು ಮಾಡಲಿ?

"ಇರ್ಲಿ, ಮೊಳಕಾಲ ಕೊಡ್ರಿ" ಎಂದರು ಇಮಾಮಸಾಬರು.

ಕೊಟ್ಟೆ. ಮಾಸ್ತರು ಡಬ್ಬಿಯನ್ನೆತ್ತಿ ಬೆಂಚಿನ ಕೆಳಗೆ ಇಟ್ಟರು. ತೀರ ಒಳಗೆ ತಳ್ಳಲಿಲ್ಲ. ಬೇಕಾದರೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇಟ್ಟರು.