ಇಲಿಗೆ ಕೊಟ್ಟ ಗುಳಿಗೆ

ಇಲಿಗಳ ಆರೋಗ್ಯದ ಬಗ್ಗೆ ನಮ್ಮ ಮಾಮಾನಷ್ಟು ತಿಳಿದವರು ಇಡೀ ಸವಣೂರಿನಲ್ಲಿ ಯಾರೂ ಇಲ್ಲ. ಇಲಿಗಳಲ್ಲಿಯೂ ಇರಲಿಕ್ಕಿಲ್ಲ! ಈತ ನಮ್ಮ ಅವ್ವನ ತಮ್ಮ. ಹಿಟ್ಟಿನ ಗಿರಣಿ ನಡೆಸುವ ಮನುಷ್ಯ. ಹರೆಯದಿಂದಲೂ ಇಲಿಗಳೊಂದಿಗೆ ಯುದ್ಧ ಮಾಡಿಕೊಂಡೇ ಬಂದವನು. ಈಗ ನೋಡಿದರೆ ಅವುಗಳ ಸುದ್ದಿ ಬಂತೆಂದರೆ ದನಿಯಲ್ಲಿ ಭಕ್ತಿ!

ಹೋದ ವರ್ಷ ಅತ್ತೆಗೆ, ಅಂದರೆ ಮಾಮಾನ ಹೆಂಡತಿಗೆ, ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಓಣಿಯವರನ್ನೆಲ್ಲ ಮಾತಾಡಿಸುತ್ತಿದ್ದ ಹೆಂಗಸು ಕುರ್ಚಿಯಲ್ಲಿ ಸುಮ್ಮನೆ ಕೂತಳು. ಡಾಕ್ಟರು ಔಷಧ ಬರೆದರು, ದಿನಾ ಕೈಗೆ ವ್ಯಾಯಾಮ ಮಾಡಿಸಿ ಎಂದರು. ಮಾಮಾ ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ನಾವೂ ಸುಖವಾಗಿರುತ್ತಿದ್ದೆವು. ಆದರೆ ಮೊಬೈಲು ಇದೆಯಲ್ಲ! ಮೆದುಳಿನ ರಕ್ತನಾಳ ಕಟ್ಟಿದ ಇಲಿಗಳಿಗೆ ವಿಜ್ಞಾನಿಗಳು ಅದೇನೋ ಆಂಟಿಆಕ್ಸಿಡೆಂಟ್ ಎಂಬ ಗುಳಿಗೆ ತಿನ್ನಿಸಿದರಂತೆ, ಅವು ಮತ್ತೆ ಓಡಾಡಿದವಂತೆ. ಮಾಮಾ ಇಷ್ಟು ಓದಿದ್ದೇ ತಡ, ಮುಗಿಯಿತು ನಮ್ಮ ನೆಮ್ಮದಿ.

ಮುಂದಿನ ತಪಾಸಣೆಗೆ ಶಿಗ್ಗಾಂವಿಯಿಂದ ನಾನೂ ಬಂದು ಜೊತೆಗೆ ಹೋಗಿದ್ದೆ. ಮಾಮಾ ಮೊಬೈಲನ್ನು ಡಾಕ್ಟರ ಮೂಗಿಗೇ ಹಿಡಿದ.

"ಅದು ಇಲಿ ಮ್ಯಾಲೆ ಮಾಡಿದ್ದರಿ ಯಜಮಾನ್ರ," ಎಂದರು ಡಾಕ್ಟರು. "ಮನಷ್ಯಾರಿಗೆ ಉಪಯೋಗ ಆಗ್ತೈತಿ ಅಂತ ಖಾತ್ರಿ ಇಲ್ಲ. ಇರೋ ಔಷಧಕ್ಕ ಅಡ್ಡ ಬಂದ್ರೂ ಬಂದೀತು. ನನ್ನ ಕೇಳದ ಏನೂ ಕೊಡಬ್ಯಾಡ್ರಿ."

"ಗಂಡ ಇಲಿಯೋ, ಹೆಣ್ಣ ಇಲಿಯೋ, ಡಾಕ್ಟರ್ರ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಹಾನಗಲ್ಲಿನ ಒಂದು ಮದುವೆಯಲ್ಲಿ ಬೀಗರು ಮಾಮಾನಿಗೆ "ಆರಾಮ ಅದೀರೇನ್ರಿ?" ಎಂದದ್ದೇ ತಪ್ಪಾಯಿತು. ಅಕ್ಕಿಕಾಳು ಬೀಳುವವರೆಗೂ ಇಲಿಯ ಮೆದುಳಿನ ವಿಚಾರ! ಪಾಪ, ಬೀಗರು ಊಟಕ್ಕೆ ಬೇರೆ ಪಂಕ್ತಿ ಹುಡುಕಿಕೊಂಡರು.

ಇನ್ನೊಮ್ಮೆ ಗಿರಣಿಗೆ ಹೋದರೆ ಜೋಳ ತೂಗುವ ತಕ್ಕಡಿಯ ಮೇಲೆ ಬೋನು, ಬೋನಿನೊಳಗೆ ಜೀವಂತ ಇಲಿ!

"ಇದೇನ್ ಮಾಮಾ?"

"ತೂಕಾ ನೋಡಾಕತ್ತೇನಿ. ಇಲಿಗೆ ಇಷ್ಟು ಅಂದ್ರ ನಿಮ್ಮತ್ತಿಗೆ ಎಷ್ಟು ಅಂತ ಲೆಕ್ಕಾ ಹಾಕಬೇಕಲ್ಲ?"

ಆ ಲೆಕ್ಕದಂತೆ ಅತ್ತೆ ದಿನಕ್ಕೊಂದು ಡಬ್ಬಿ ಗುಳಿಗೆ ನುಂಗಬೇಕಿತ್ತು! ಜೋಳ ಬೀಸಿಸಲು ಬಂದಿದ್ದ ಹೆಂಗಸು ಇಲಿಯನ್ನು ನೋಡಿದಳು, ಮಾಮಾನನ್ನು ನೋಡಿದಳು, ಬುಟ್ಟಿ ಹೊತ್ತು ಬೇರೆ ಗಿರಣಿಗೆ ನಡೆದಳು. ಮಾಮಾ ಇಲಿಯನ್ನು ಹಿತ್ತಲಿಗೆ ಒಯ್ದು ಮೆಲ್ಲಗೆ ಬಿಟ್ಟ. "ನಮ್ಮ ಸಲುವಾಗಿ ಎಷ್ಟ ತ್ರಾಸ ತಗೋತಾವ ನೋಡು" ಎಂದು ಬೇರೆ ಹೇಳಿದ. ನಾನು ಹಣೆ ಹಣೆ ಬಡಿದುಕೊಂಡೆ.

ಮೊನ್ನೆ ಹೋದಾಗ ಅತ್ತೆಯ ಕುರ್ಚಿಯ ಪಕ್ಕದಲ್ಲೇ ನಿಂತು ಮಾಮಾ ಅಂಗಡಿಯಿಂದ ತಂದ ಅದೇ ಆಂಟಿಆಕ್ಸಿಡೆಂಟ್ ಗುಳಿಗೆಯನ್ನು ತನ್ನ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಡಬ್ಬಿ ಆಗಲೇ ಅರ್ಧ ಖಾಲಿ. ನನಗೆ ಸಿಟ್ಟು ನೆತ್ತಿಗೇರಿತು.

"ಲಕ್ವಾ ಹೊಡದದ್ದು ಅತ್ತಿಗೆ, ಗುಳಗಿ ನುಂಗಾಂವ ನೀನ? ಬುದ್ಧಿ ಐತಿಲ್ಲ ನಿನಗ?"

ಮಾಮಾ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ.

"ಸಿಟ್ಟಿಗೇಳಬ್ಯಾಡವಾ. ಇಲಿ ತಿಂದು ನೋಡ್ಯಾವ, ಮನಷ್ಯಾರದ್ದು ಖಾತ್ರಿ ಇಲ್ಲ ಅಂದ್ರಲ್ಲ ಡಾಕ್ಟರು? ಯಾರರ ಒಬ್ರು ತಿಂದು ನೋಡಬೇಕಲ್ಲ. ನನಗ ಏನೂ ಆಗಲಿಲ್ಲ ಅಂದ್ರ ಅವರನ್ನ ಮತ್ತ ಕೇಳ್ತೇನಿ. ಆಗಬಾರದ್ದು ಆದ್ರ ನನಗ ಆಗ್ಲಿ. ಆಕಿಗೆ ಇನ್ನೊಂದ ಸರ್ತಿ ಏನರ ಆದ್ರ ನಾ ತಡಕೊಳ್ಳಾಂಗಿಲ್ಲ."

ಇಂಥ ಮನುಷ್ಯನಿಗೆ ಏನೆಂದು ಬೈಯುವುದು? ಅಷ್ಟರಲ್ಲಿ ಅತ್ತೆ ಕೈ ಚಾಚಿ ಅವನ ಕೈಯಲ್ಲಿದ್ದ ಡಬ್ಬಿ ಕಸಿಯಲು ಹೋದಳು. ಡಬ್ಬಿ ಜಾರಿ ಬಿತ್ತು, ಗುಳಿಗೆಗಳು ನೆಲದ ತುಂಬ ಉರುಳಿದವು. ಮಾಮಾ ಅವುಗಳ ಕಡೆ ನೋಡಲೇ ಇಲ್ಲ.

"ಬಲಗೈ! ನೋಡವಾ, ಬಲಗೈ ಎತ್ತಿದ್ಲು!"

ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಮಾಮಾ ಅಳತೊಡಗಿದ. ಗುಳಿಗೆ ಆರಿಸುವ ನೆಪದಲ್ಲಿ ನಾನು ಬಹಳ ಹೊತ್ತು ತಲೆ ಎತ್ತಲಿಲ್ಲ.