ಮನೆಗೆ ಒಂದು ಪಾಯಿಂಟ್ ಆರು ಜನ

ನನ್ನ ಅಕ್ಕನ ಬಾಯಿಂದ ‘ಹೌದು’ ಅಥವಾ ‘ಇಲ್ಲ’ ಎಂಬ ನೇರ ಉತ್ತರ ಕೇಳಿದವರು ಮೊಗ್ರಾಲಿನಿಂದ ಎಡನೀರಿನವರೆಗೆ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ನನ್ನ ಖರ್ಚು! ಮಳೆ ಬರುತ್ತದೆಯೇ ಎಂದು ಕೇಳಿದರೆ ‘ನೂರಕ್ಕೆ ಅರುವತ್ತು’. ಸಾಂಬಾರಿಗೆ ಉಪ್ಪು ಹಾಕಿದ್ದೀಯಾ ಎಂದರೆ ‘ನೂರಕ್ಕೆ ತೊಂಬತ್ತು’. ಉಳಿದ ಹತ್ತನ್ನು ನಾವು ತಿಂದು ಪತ್ತೆ ಮಾಡಬೇಕು.

ಪ್ಲಸ್ ಟು ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ಕಲಿಸುವುದು ಅವಳ ಉದ್ಯೋಗ. ಉದ್ಯೋಗವನ್ನು ಶಾಲೆಯಲ್ಲೇ ಬಿಟ್ಟು ಬರುವ ಅಭ್ಯಾಸ ಅವಳಿಗಿಲ್ಲ. ಭಾವ ಹೆಣ್ಣು ನೋಡಲು ಬಂದ ದಿನವೂ ಹಾಗೆಯೇ. ಒಪ್ಪಿಗೆಯೇ ಎಂದು ಅವರು ನಾಚುತ್ತ ಕೇಳಿದರೆ ಇವಳು, "ನೂರಕ್ಕೆ ಎಪ್ಪತ್ತು" ಎಂದಳು. ಮನೆಯವರೆಲ್ಲ ತಲೆ ತಗ್ಗಿಸಿದೆವು. ಭಾವನ ಮುಖ ಮಾತ್ರ ಅರಳಿತು. "ಎಪ್ಪತ್ತಾ? ನನಗೆ ಶಾಲೆಯಲ್ಲಿ ಯಾವತ್ತೂ ಇಷ್ಟು ಸಿಕ್ಕಿದ್ದಿಲ್ಲ!" ಅಂಥ ಸಾಧು ಮನುಷ್ಯ. ಮಗಳು ಹುಟ್ಟಿದ ವರ್ಷ ಗಲ್ಫಿಗೆ ಹೋದವರು ಇನ್ನೂ ಅಲ್ಲೇ ದುಡಿಯುತ್ತಿದ್ದಾರೆ. ರಜೆ ಸಿಕ್ಕಿದಾಗ ಬರುತ್ತಾರೆ, ಬಂದ ಹಾಗೆಯೇ ಹೋಗುತ್ತಾರೆ.

ಒಮ್ಮೆ ಮೊಗ್ರಾಲಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ನಾನು, "ಈ ಯಾದೃಚ್ಛಿಕ ಚರ, ಅದೇ ನಿನ್ನ ರ‍್ಯಾಂಡಮ್ ವೇರಿಯೇಬಲ್, ಅಂದರೆ ಎಂತ ಅಕ್ಕ?" ಎಂದು ಕೇಳಿಬಿಟ್ಟೆ. ನನ್ನ ಗ್ರಹಚಾರ!

"ಈಗ ನಾಲ್ಕು ಬಸ್ಸು ಬರ್ತದೆ ಅಂತ ಇಟ್ಟುಕೋ. ಕೈ ತೋರಿಸಿದರೆ ಎಷ್ಟು ನಿಲ್ತದೆ?"

"ಅದು ಡ್ರೈವರನ ಮರ್ಜಿ."

"ಹಾಂ! ಮರ್ಜಿ ನಮಗೆ ಗೊತ್ತಿಲ್ಲ. ಆದರೆ ಉತ್ತರ ಸೊನ್ನೆ, ಒಂದು, ಎರಡು, ಮೂರು, ನಾಲ್ಕು, ಇಷ್ಟರಲ್ಲೇ ಒಂದು. ಅದೇ ನಮ್ಮ X. ಎರಡೂವರೆ ಬಸ್ಸು ನಿಲ್ಲುವ ಕ್ರಮ ಎಲ್ಲಿಯಾದರೂ ಉಂಟಾ? ಅದಕ್ಕೇ ಅದು ಡಿಸ್ಕ್ರೀಟ್. ಸೊನ್ನೆಯಾಗುವ ಸಂಭವ ಎಷ್ಟು, ಒಂದಾಗುವ ಸಂಭವ ಎಷ್ಟು ಅಂತ ಹಂಚಿಬಿಟ್ಟರೆ ಡಿಸ್ಟ್ರಿಬ್ಯೂಶನ್ ಆಯ್ತು. ಇದರಲ್ಲಿ ಎಂತ ಕಷ್ಟ ಮಾರಾಯ?"

ಕಷ್ಟವೇನೂ ಇರಲಿಲ್ಲ. ಅವಳು ಹಂಚುತ್ತಿದ್ದಾಗ ಕೈ ತೋರಿಸುವವರಿಲ್ಲದೆ ನಾಲ್ಕು ಬಸ್ಸೂ ನಮ್ಮೆದುರೇ ಹೋಗಿಬಿಟ್ಟವು, ಅಷ್ಟೆ!

ಇಂಥ ಅಕ್ಕನ ಮಗಳಿಗೆ ನಿಶ್ಚಿತಾರ್ಥ ಗೊತ್ತಾಯಿತು. ಭಾವ ಊರಲ್ಲಿಲ್ಲದ ಕಾರಣ ಓಡಾಟವೆಲ್ಲ ಸೋದರಮಾವನಾದ ನನ್ನ ಪಾಲಿಗೆ. ಅಡುಗೆ ಭಟ್ಟರು ಬಂದು ಜಗಲಿಯಲ್ಲಿ ಕುಳಿತು ಲೋಕದ ಎಲ್ಲ ಭಟ್ಟರೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಎಷ್ಟು ಜನಕ್ಕೆ ಟೀಚರೇ?"

"ಕರೆದದ್ದು ನೂರು ಮನೆ. ಮನೆಗೆ ಸರಾಸರಿ ಒಂದು ಪಾಯಿಂಟ್ ಆರು ಜನ."

ಭಟ್ಟರ ಕೈಯಲ್ಲಿದ್ದ ವೀಳ್ಯದೆಲೆ ಅಲ್ಲೇ ನಿಂತಿತು. "ಈ ಪಾಯಿಂಟ್ ಆರು ಜನಕ್ಕೆ ಬೇರೆ ಎಲೆ ಹಾಕ್ಲಿಕ್ಕುಂಟಾ?"

ಅಕ್ಕನ ಲೆಕ್ಕದಲ್ಲಿ ಹುರುಳಿತ್ತು ಎನ್ನಿ. ಅದೇ ಮುಹೂರ್ತಕ್ಕೆ ಎಡನೀರಿನಲ್ಲಿ ಒಂದು ಮದುವೆ, ಅನಂತಪುರದಲ್ಲಿ ಒಂದು ಗೃಹಪ್ರವೇಶ. ನಮ್ಮೂರಿನವರು ಯಾರನ್ನೂ ಬೇಸರಪಡಿಸುವುದಿಲ್ಲ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಅತ್ತೆ ಮತ್ತೊಂದು ಕಡೆ ಎಂದು ಪಾಲಾಗಿ ಹೋಗುತ್ತಾರೆ. ಆದ್ದರಿಂದ ಕೆಲವು ಮನೆಯಿಂದ ಸೊನ್ನೆ, ಹೆಚ್ಚಿನ ಮನೆಯಿಂದ ಒಬ್ಬರು, ಅಲ್ಲಲ್ಲಿ ಇಬ್ಬರು, ನಾಲ್ವರು. ಎಲ್ಲ ಕೂಡಿಸಿ ನೂರ ಅರುವತ್ತು. ಸ್ವಲ್ಪ ಹೆಚ್ಚುಕಮ್ಮಿಗೆಂದು ನೂರ ಎಂಬತ್ತು. ಹುಡುಗನ ಕಡೆಯವರದ್ದು ಬೇರೆ.

ಅಕ್ಕ ಯಾರನ್ನೂ ಬಿಟ್ಟವಳಲ್ಲ. ಹಾಸಿಗೆ ಹಿಡಿದಿದ್ದ ಪಕ್ಕದ ಮನೆಯ ಅಜ್ಜಿ ಬರುವ ಸಂಭವವೂ ನೂರಕ್ಕೆ ಐದು! ನಾನು ಮೆಲ್ಲಗೆ ಕೇಳಿದೆ. "ಮತ್ತೆ ಭಾವ?"

"ಸೊನ್ನೆ."

ನನಗೆ ಆಶ್ಚರ್ಯವಾಯಿತು. ಹಿಂದಿನ ದಿನವಷ್ಟೇ ಭಾವ ಫೋನಿನಲ್ಲಿ, ರಜೆ ಕೇಳಿದ್ದೇನೆ, ಸಿಕ್ಕಿದರೂ ಸಿಕ್ಕೀತು ಎಂದಿದ್ದರು. ಮಗಳು ದೇವರಿಗೆ ಹರಕೆಯನ್ನೂ ಹೊತ್ತಿದ್ದಳು. ಅಜ್ಜಿಗೆ ಐದು, ಗಂಡನಿಗೆ ಸೊನ್ನೆಯೇ? ಕೇಳಲು ಧೈರ್ಯ ಬರಲಿಲ್ಲ.

ನಿಶ್ಚಿತಾರ್ಥದ ಮುನ್ನಾ ದಿನ ಸಂಜೆ ಸುದ್ದಿ ಬಂತು. ನಾಳೆ ಹರತಾಳ! ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಬಸ್ಸಿಲ್ಲ, ಆಟೋ ಇಲ್ಲ.

ಹುಡುಗನ ಕಡೆಯವರು ಜಾಣರು. ಆರು ಗಂಟೆಯೊಳಗೆ ತಲುಪಬೇಕೆಂದು ಕೋಳಿ ಕೂಗುವ ಮೊದಲೇ ಹೊರಟು ಬಂದು, ನಮ್ಮ ಜಗಲಿಯಲ್ಲಿ ರೇಷ್ಮೆ ಸೀರೆ ಸಮೇತ ನಿದ್ದೆ ಹೊಡೆದರು. ಮದುಮಗನೇ ಗೊರಕೆ ಹೊಡೆಯುತ್ತಿದ್ದ! ಆಮೇಲೆ ಊರವರು ಬರತೊಡಗಿದರು. ನಾವು ಕರೆದವರೆಲ್ಲ ನಡೆದು ಬರುವಷ್ಟು ಹತ್ತಿರದವರೇ. ಎಡನೀರಿಗೆ ಹೋಗುವಂತಿಲ್ಲ, ಅನಂತಪುರಕ್ಕೆ ಹೋಗುವಂತಿಲ್ಲ, ಶಾಲೆ ಇಲ್ಲ, ಆಫೀಸಿಲ್ಲ. ಗಂಡ, ಹೆಂಡತಿ, ಅತ್ತೆ, ಮಕ್ಕಳು, ಮನೆಗೆ ಬಂದ ನೆಂಟರು, ಎಲ್ಲರೂ ನಮ್ಮಲ್ಲಿಗೇ! ಹಾಸಿಗೆ ಹಿಡಿದ ಅಜ್ಜಿಯನ್ನೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೊಮ್ಮಕ್ಕಳು ಹೊತ್ತು ತಂದರು.

ಭಟ್ಟರು ಸೌಟು ಹಿಡಿದೇ ಅಂಗಳಕ್ಕೆ ಬಂದರು. "ಟೀಚರೇ, ನಿಮ್ಮ ಪಾಯಿಂಟ್ ಆರು ಮರಿ ಹಾಕಿದೆ!"

"ಒಂದು ಮನೆಯವರು ಬರುವುದಕ್ಕೂ ಇನ್ನೊಂದು ಮನೆಯವರು ಬರುವುದಕ್ಕೂ ಸಂಬಂಧ ಇಲ್ಲ ಅಂತ ಹಿಡಿದಿದ್ದೆ ಭಟ್ರೇ," ಎಂದಳು ಅಕ್ಕ ತಲೆ ಮೇಲೆ ಕೈಹೊತ್ತು. "ಹರತಾಳ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿತಲ್ಲ!"

ಸಾರಿಗೆ ಬಿಸಿನೀರು ಬಿತ್ತು. ಪಾಯಸ ತೀರ್ಥದಂತೆ ಹಂಚಿಕೆಯಾಯಿತು. ಅಕ್ಕಪಕ್ಕದ ಮನೆಯ ಅಕ್ಕಿ, ಪಾತ್ರೆ ಎಲ್ಲ ಬಂದು ಒಲೆ ಏರಿದವು. ಅಂತೂ ಒಬ್ಬರೂ ಹಸಿದು ಹೋಗಲಿಲ್ಲ. ಭಾವನಿಲ್ಲದ ಜಾಗದಲ್ಲಿ ನಾನೇ ಕುಳಿತು ತಾಂಬೂಲ ಬದಲಾಯಿಸಿದೆ. ಬೆಳಿಗ್ಗೆಯಿಂದ ಅವರ ಫೋನ್ ಸಿಗುತ್ತಿರಲಿಲ್ಲ. ಡ್ಯೂಟಿಯಲ್ಲಿರಬೇಕು ಎಂದುಕೊಂಡೆವು.

ಇಳಿಹೊತ್ತಿನಲ್ಲಿ ಅಕ್ಕ ಮತ್ತು ನಾನು ಜಗಲಿಯಲ್ಲಿ ಊಟಕ್ಕೆ ಕುಳಿತೆವು. ಉಳಿದದ್ದು ಅನ್ನ, ನೀರುಸಾರು, ಉಪ್ಪಿನಕಾಯಿ. ಅವಳ ಲೆಕ್ಕವನ್ನು ಗೇಲಿ ಮಾಡುವ ಹುರುಪಿನಲ್ಲಿ ನಾನು ಕೇಳಿಯೇಬಿಟ್ಟೆ. "ಅಲ್ಲ ಅಕ್ಕ, ಆ ಅಜ್ಜಿಗೂ ಐದು ಕೊಟ್ಟವಳು ನೀನು. ಭಾವನಿಗೆ ಒಂದಾದರೂ ಕೊಡಬಾರದಿತ್ತಾ?"

ಅಕ್ಕ ಅನ್ನ ಕಲಸುತ್ತಲೇ ಇದ್ದಳು. "ಒಂದು ಕೊಟ್ಟಿದ್ದರೆ ಇವತ್ತು ನನ್ನಿಂದ ಎಂತ ಕೆಲಸವೂ ಆಗ್ತಿರಲಿಲ್ಲ ಮಾರಾಯ. ಬೆಳಿಗ್ಗೆಯಿಂದ ಗೇಟಿನಲ್ಲೇ ನಿಲ್ತಿದ್ದೆ."

ಇಷ್ಟು ವರ್ಷ ನಾನು ನಗುತ್ತಿದ್ದ ಅಕ್ಕನ ಲೆಕ್ಕದೊಳಗೆ ಇಂಥದ್ದೊಂದು ಸಂಕಟ ಇದ್ದೀತೆಂದು ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಬಂದದ್ದು ಪಕ್ಕದ ಮನೆಯವರು, ಕೊಟ್ಟ ಪಾತ್ರೆ ತೆಗೆದುಕೊಂಡು ಹೋಗಲು. ಆದರೆ ಅಷ್ಟರೊಳಗೆ ಅಕ್ಕ ಎಂಜಲು ಕೈಯಲ್ಲೇ ಎದ್ದು ನಿಂತಾಗಿತ್ತು.