ವಾಲ್ವ್ ಸೆಟ್ಟಿನ ಬೆಚ್ಚನೆ ದನಿ

ನನ್ನ ಕಿವಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಗೌರವವಿಲ್ಲ. ಕಣ್ಣಿನ ಬಗ್ಗೆ ಅಷ್ಟಿಷ್ಟು ಇದೆ, ಏಕೆಂದರೆ ಮನೆ ನಡೆಯುವುದು ಅದರಿಂದ; ನನ್ನದು ಕನ್ನಡಕದ ಅಂಗಡಿ. ಆದರೆ ದೇವರು ನನಗೆ ನಿಜವಾಗಿ ಕೊಟ್ಟ ವರ ಕಿವಿ. ಬೀದಿಯಲ್ಲಿ ಹೋಗುವ ಸ್ಕೂಟರಿನ ಯಾವ ನಟ್ಟು ಸಡಿಲವಾಗಿದೆ ಎಂದು ಮಂಚದ ಮೇಲೆ ಮಲಗಿಯೇ ಹೇಳಬಲ್ಲೆ. (ಗ್ಯಾಸ್ ಸಿಲಿಂಡರ್ ಎತ್ತಿಡಲು ಹೆಂಡತಿ ಅಡುಗೆಮನೆಯಿಂದ ಕೂಗಿದರೆ ಮಾತ್ರ ಕೇಳಿಸುವುದಿಲ್ಲ ಎಂಬ ಆರೋಪವಿದೆ. ಅದಕ್ಕೆ ಸಾಕ್ಷಿಯಿಲ್ಲ.)

ಇಂಥ ಕಿವಿ ಹೊತ್ತವನ ಕಣ್ಣಿಗೆ ಒಂದು ದಿನ ಗುಜರಿ ಅಂಗಡಿಯಲ್ಲಿ, ತಳವಿಲ್ಲದ ಬಕೆಟ್ಟು ಮತ್ತು ಚಕ್ರವಿಲ್ಲದ ಸೈಕಲ್ಲಿನ ನಡುವೆ, ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಬಿತ್ತು. ವಾಲ್ವ್ ಎಂದರೆ ಗಾಜಿನ ಬುರುಡೆ. ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೋ, ಆಂಪ್ಲಿಫೈಯರ್ ಎಲ್ಲ ಹಾಡುತ್ತಿದ್ದದ್ದು ಈ ಬುರುಡೆಗಳ ದಯೆಯಿಂದ. ಸ್ವಿಚ್ಚು ಹಾಕಿದ ಕೂಡಲೇ ಬಾಯಿ ಬಿಡುವ ಚಪಲ ಅವಕ್ಕಿಲ್ಲ. ನಿಧಾನವಾಗಿ ಕೆಂಪಗೆ ಕಾದು, ಗಂಟಲು ಸರಿಮಾಡಿಕೊಂಡು, ಆಮೇಲೆ ಹಾಡುತ್ತವೆ. ಆ ದನಿ ಬೆಚ್ಚಗಿರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಎಂದರೆ ಆ ಕಾಲಕ್ಕೆ ನಾನು.

"ತಗೊಂಡ್ಹೋಗಿ ಸಾರ್, ಚೆನ್ನಾಗಿ ಬಿಸಿಯಾಗುತ್ತೆ. ಚಳಿಗಾಲಕ್ಕೆ ಒಳ್ಳೇದು" ಎಂದ ಗುಜರಿಯವನು. ಜೊತೆಗೆ, ಹಿಂಬದಿಯ ಹಲಗೆಯಿಲ್ಲದ ಒಂದು ದೊಡ್ಡ ಮರದ ಸ್ಪೀಕರ್ ಪೆಟ್ಟಿಗೆಯನ್ನೂ ನನ್ನ ತಲೆಗೆ ಕಟ್ಟಿದ.

ಎರಡನ್ನೂ ಆಟೋದಿಂದ ಇಳಿಸುವಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ರೀ, ಏನದು?"

"ಸಂಗೀತ."

"ನೋಡಿದ್ರೆ ಇಲಿಬೋನಿನ ಹಾಗಿದೆ. ಎಲ್ಲಿಡ್ತೀರ?"

ಪ್ರಶ್ನೆ ಇದ್ದದ್ದೇ ಅಲ್ಲಿ. ನಮ್ಮ ಮನೆಯಲ್ಲಿ ಒಂದು ಚಿಕ್ಕ ಕೋಣೆ ಖಾಲಿಯಿತ್ತು. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಶಾಲೆಯ ಯೂನಿಫಾರ್ಮು, ದಿಂಬಿನ ಚೀಲ, ಕಿಟಕಿಯ ಪರದೆ. ಮಿಷನ್ನು ಊಟದ ಮೇಜಿನ ಪಕ್ಕದಲ್ಲಿ, ಬಟ್ಟೆಯೆಲ್ಲ ಊಟದ ಮೇಜಿನ ಮೇಲೆ. ನಾವು ಅನ್ನದಲ್ಲಿ ಕಲ್ಲು ಹುಡುಕುವವರಲ್ಲ, ಗುಂಡುಸೂಜಿ ಹುಡುಕುವವರು. ಆ ಕೋಣೆ ತನಗೆ ಬೇಕು ಎಂದು ಅವಳು ಬಹಳ ಕಾಲದಿಂದ ಅರ್ಜಿ ಹಾಕಿಕೊಂಡಿದ್ದಳು. ನಾನು ಅರ್ಜಿಯನ್ನು ಪರಿಶೀಲನೆಯಲ್ಲಿಟ್ಟು, ಆಂಪ್ಲಿಫೈಯರನ್ನು ಕೋಣೆಯಲ್ಲಿಟ್ಟು, ಬಾಗಿಲು ಹಾಕಿಕೊಂಡೆ.

ಆಮೇಲಿನ ಕೆಲವು ವಾರ ಆ ಕೋಣೆಯಲ್ಲಿ ನಡೆದದ್ದನ್ನು ಜೀರ್ಣೋದ್ಧಾರ ಎಂದು ಕರೆಯಲು ಇಷ್ಟಪಡುತ್ತೇನೆ. ಮನೆಯವರು ಬೇರೆ ಹೆಸರಿಟ್ಟಿದ್ದರು. ಮೊದಲ ಸಲ ಸ್ವಿಚ್ಚು ಹಾಕಿದಾಗ ಹೊಗೆ ಬಂತು. ಎರಡನೆಯ ಸಲ ಇಡೀ ಮನೆಯ ಫ್ಯೂಸು ಹೋಯಿತು. ಮೂರನೆಯ ಸಲ ಪ್ಲಗ್ಗು ಕಿತ್ತಿಟ್ಟು ಧೈರ್ಯವಾಗಿ ಒಳಗೆ ಬೆರಳಿಟ್ಟೆ, ಆದರೂ ಹೊಡೆಯಿತು. ಕುಂಡಿಯೂರಿ ಬಿದ್ದವನನ್ನು ನೋಡಲು ಹೆಂಡತಿ, ಮಗಳು ಓಡಿಬಂದರು.

"ಪ್ಲಗ್ಗು ಕಿತ್ತರೂ ಒಳಗೆ ಕರೆಂಟು ಉಳಿದಿರುತ್ತೆ. ಕೆಪ್ಯಾಸಿಟರ್ ಅಂತ ಇರುತ್ತಲ್ಲ, ಅದು ಕೂಡಿಟ್ಟುಕೊಂಡಿರುತ್ತೆ" ಎಂದು ನೆಲದ ಮೇಲಿಂದಲೇ ವಿವರಿಸಿದೆ.

"ಗೊತ್ತು ಬಿಡಿ, ನಿಮ್ಮ ಮನೆಯವರ ಕೋಪದ ಹಾಗೆ" ಎಂದಳು ಹೆಂಡತಿ. "ಮೂಗಿಗಿಂತ ಮೂಗುತಿ ಭಾರ ಆಯ್ತು ನಿಮ್ಮ ಸಂಗೀತ. ಸುಮ್ನೆ ಗುಜರಿಗೆ ವಾಪಸ್ ಕೊಟ್ಟು ಕೋಣೆ ಬಿಡಿ."

ಅಷ್ಟರಲ್ಲಿ ಅವಳ ತಮ್ಮನ ಫೋನು ಬಂತು. ಈ ನನ್ನ ಭಾವಮೈದನ ಮನೆಯಲ್ಲಿ ಗೋಡೆಗೊಂದು, ಮೂಲೆಗೊಂದು, ಸೋಫಾದ ಕೆಳಗೊಂದು ಸ್ಪೀಕರ್ ಇದೆ. ಸಿನಿಮಾದಲ್ಲಿ ಬಾಗಿಲು ತಟ್ಟಿದರೆ ನಾವು ಎದ್ದುಹೋಗಿ ಅವನ ಮನೆಯ ಬಾಗಿಲು ತೆಗೆದು ನೋಡಬೇಕು. ನಾನವನಿಗೆ ಸರೌಂಡ್ ಸಾಹೇಬ ಎಂದು ಹೆಸರಿಟ್ಟಿದ್ದೇನೆ. ಅಕ್ಕನಿಂದ ಸುದ್ದಿ ತಿಳಿದ ಸಾಹೇಬ ಫೋನಿನಲ್ಲೇ ನಕ್ಕ. ಆ ನಗುವೂ ನಾಲ್ಕೂ ಕಡೆಯಿಂದ ಬಂದ ಹಾಗಿತ್ತು.

ನನಗೆ ರೋಷ ಉಕ್ಕಿತು. "ಭಾನುವಾರ ಬರೋಕೆ ಹೇಳು ಅವನಿಗೆ! ಕೇಳಲಿ! ಅವನ ಸೆಟ್ಟಿಗಿಂತ, ಇವತ್ತು ಅಂಗಡೀಲಿ ಸಿಗೋ ಯಾವುದೇ ಪ್ಲಾಸ್ಟಿಕ್ ಡಬ್ಬಿಗಿಂತ ಇದರ ದನಿ ಮೇಲು ಅಂತ ಸಾಬೀತಾಗದಿದ್ರೆ ಕೋಣೆ ನಿಂದು!"

"ಆಮೇಲೆ ಮಾತು ಬದಲಾಯಿಸೋ ಹಾಗಿಲ್ಲ."

"ಸಾಬೀತಾದ್ರೆ ಕೋಣೆ ನಂದು. ನೀನು ಆ ಮಾತೇ ಎತ್ತೋ ಹಾಗಿಲ್ಲ."

"ಆಗ್ಲಿ" ಎಂದಳು ಹೆಂಡತಿ. ಅವಳಿಗೆ ಆ ಕೋಣೆ ಎಷ್ಟು ಬೇಕಾಗಿತ್ತು ಎಂದು ಆ ಒಂದೇ ಪದದಲ್ಲಿ ಗೊತ್ತಾಗುತ್ತಿತ್ತು. ನನಗೆ ಒಂದು ಕ್ಷಣ ಪಾಪ ಎನಿಸಿತು. ಒಂದೇ ಕ್ಷಣ.

ಶನಿವಾರ ಸಂಜೆ ಪವಾಡ ನಡೆಯಿತು. ಸತ್ತ ಕೆಪ್ಯಾಸಿಟರುಗಳನ್ನೆಲ್ಲ ಬದಲಾಯಿಸಿ ಸ್ವಿಚ್ಚು ಹಾಕಿದೆ. ಬುರುಡೆಗಳು ಕೆಂಪಗಾದವು, ಪೆಟ್ಟಿಗೆ ಗೊರ್ ಎಂದಿತು, ಆಮೇಲೆ ಹಾಡಿತು! ರೆಕಾರ್ಡ್ ಪ್ಲೇಯರ್ ಇನ್ನೂ ಕೊಂಡಿಲ್ಲದ ಕಾರಣ ಮಗಳ ಮೊಬೈಲಿಗೇ ವೈರು ಸಿಕ್ಕಿಸಿದ್ದೆ (ಈ ಅಪಚಾರವನ್ನು ಬಲ್ಲವರು ಕ್ಷಮಿಸಬೇಕು). ನಾನು ಹೆಂಡತಿಯ ಕೈಹಿಡಿದು ಕೋಣೆಯಲ್ಲಿ ಒಂದು ಸುತ್ತು ಕುಣಿದೆ. ಅವಳು "ಹಾಡ್ತಾ ಇದೆ, ನಿಜ" ಎಂದಳು. ಮುಖ ಮಾತ್ರ ಸಪ್ಪಗಿತ್ತು.

ಭಾನುವಾರ ಸಾಹೇಬನನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದಾಗ ಕೋಣೆ ಥಳಥಳ ಹೊಳೆಯುತ್ತಿತ್ತು. ಆಂಪ್ಲಿಫೈಯರಿನ ಮೇಲೆ ಧೂಳಿನ ಕಣವಿಲ್ಲ, ಬುರುಡೆಗಳು ನನ್ನ ಅಂಗಡಿಯ ಹೊಸ ಗಾಜಿನ ಹಾಗೆ ಮಿಂಚುತ್ತಿದ್ದವು. ಸೋಲಲಿರುವವಳು ಗೆಲ್ಲಲಿರುವವನಿಗೆ ತೋರಿದ ಈ ಔದಾರ್ಯಕ್ಕೆ ನನ್ನ ಕಣ್ಣು ತುಂಬಿಬಂತು. ಹೆಂಡತಿ ಮಾತ್ರ ನನ್ನ ಮುಖ ನೋಡದೆ ಸೆರಗಿನಿಂದ ಕಿಟಕಿಯ ಸರಳು ಒರೆಸುತ್ತಿದ್ದಳು.

ಸ್ವಿಚ್ಚು ಹಾಕಿದೆ. ಬುರುಡೆಗಳು ಕೆಂಪಗಾದವು. ಮಗಳು ಮೊಬೈಲಿನಲ್ಲಿ ಏನೋ ಒತ್ತಿದಳು. ಮರದ ಪೆಟ್ಟಿಗೆಯಿಂದ ಹಾಡು ಹೊರಟಿತು.

ನಾನು ಕಣ್ಣು ಮುಚ್ಚಿದೆ. "ಕೇಳು, ಆ ಬೆಚ್ಚನೆ ದನಿ ಕೇಳು. ಹಾಡುವವಳು ಉಸಿರೆಳೆದುಕೊಳ್ಳೋದು ಕೇಳಿಸ್ತಾ? ನಿನ್ನ ಸೆಟ್ಟಲ್ಲಿ ಅವಳು ಉಸಿರೇ ಆಡಲ್ಲ, ಅದಕ್ಕೇ ಹಾಡು ಸತ್ತಿರುತ್ತೆ. ನಿನ್ನೆ ಗೊರ್ ಅಂತಿತ್ತು, ಇವತ್ತು ಅದೂ ಇಲ್ಲ. ವಾಲ್ವ್ ಹದಕ್ಕೆ ಬಂದಿದೆ!"

ಸಾಹೇಬ ಮೊದಲು ಮುಗುಳ್ನಗುತ್ತಿದ್ದವನು ತಲೆ ವಾಲಿಸಿದ, ಆಮೇಲೆ ತಾನೂ ಕಣ್ಣು ಮುಚ್ಚಿದ. "ಭಾವ, ಸುಳ್ಳು ಹೇಳಬಾರದು. ಏನೋ ಇದೆ ಇದರಲ್ಲಿ. ಹೌದು, ಬೆಚ್ಚಗಿದೆ. ನಮ್ಮನೇದು ಇದರ ಮುಂದೆ ಸ್ವಲ್ಪ ತಣ್ಣಗೆ."

ಅವನ ಬಾಯಲ್ಲಿ ಈ ಮಾತು! ನಾನು ಹೆಂಡತಿಯ ಕಡೆ ವಿಜಯದ ದೃಷ್ಟಿ ಬೀರಿದೆ. ಅವಳು ಮಗಳ ಮುಖ ನೋಡಿದಳು, ಮಗಳು ಸೂರು ನೋಡಿದಳು.

ಆಗ ಕರೆಂಟು ಹೋಯಿತು.

ಫ್ಯಾನು ನಿಧಾನವಾಯಿತು. ಅಡುಗೆಮನೆಯ ಫ್ರಿಜ್ಜು ನಡುಗಿ ಸುಮ್ಮನಾಯಿತು. ಬುರುಡೆಗಳು ಕೆಂಪಿನಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ಇಳಿದವು. ಹಾಡು ಮುಂದುವರಿಯಿತು.

"ನೋಡಿದ್ಯಾ!" ಎಂದೆ. "ಇದೇ ಹಳೇ ಕಾಲದ ಕೆಲಸ! ಕರೆಂಟು ಹೋದ್ರೂ ಒಳಗೆ ಕೂಡಿಟ್ಟುಕೊಂಡಿರುತ್ತೆ. ಅರ್ಧಕ್ಕೆ ಹಾಡು ನಿಲ್ಲಿಸೋ ಸಂಸ್ಕಾರ ಅದಕ್ಕಿಲ್ಲ."

"ಅದ್ಭುತ" ಎಂದ ಸಾಹೇಬ.

ಪಲ್ಲವಿ ಮುಗಿದು ಚರಣ ಬಂತು. "ಈಗ ನಿಧಾನವಾಗಿ ಇಳಿಯುತ್ತೆ ನೋಡು" ಎಂದೆ. ಇಳಿಯಲಿಲ್ಲ. ಎರಡನೆಯ ಚರಣ ಬಂತು. "ದೊಡ್ಡ ಕೆಪ್ಯಾಸಿಟರ್ ಹಾಕಿದೀನಿ" ಎಂದೆ. ಹಾಡು ಪೂರ್ತಿ ಮುಗಿದು ಇನ್ನೊಂದು ಶುರುವಾಯಿತು. ಸಾಹೇಬ ಎದ್ದುಹೋಗಿ ಒಂದು ಬುರುಡೆಯನ್ನು ಮುಟ್ಟಿದ.

"ಭಾವ, ತಣ್ಣಗಾಗಿದೆಯಲ್ಲ?"

ಉತ್ತರಕ್ಕಾಗಿ ನಾನು ಭೌತಶಾಸ್ತ್ರವನ್ನೆಲ್ಲ ಜಾಲಾಡುತ್ತಿರುವಾಗ ಹಾಡು ತಾನಾಗಿ ನಿಂತಿತು. ಮರದ ಪೆಟ್ಟಿಗೆಯೊಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ, "ಬ್ಯಾಟರಿ ಲೋ. ಪ್ಲೀಸ್ ಚಾರ್ಜ್" ಎಂದಳು.

ಸಾಹೇಬ ಪೆಟ್ಟಿಗೆಯ ಹಿಂದಕ್ಕೆ ಕೈಹಾಕಿದ. ಹೊರಗೆ ಬಂದದ್ದು ಮಗಳು ಸ್ನಾನದ ಮನೆಯಲ್ಲಿ ಹಾಡು ಕೇಳಲು ಬಳಸುವ, ಕಿತ್ತಳೆಹಣ್ಣಿನ ಗಾತ್ರದ ಪ್ಲಾಸ್ಟಿಕ್ ಬ್ಲೂಟೂತ್ ಸ್ಪೀಕರು.

"ನಂದೇ ತಪ್ಪು ರೀ" ಎಂದಳು ಹೆಂಡತಿ. "ಬೆಳಿಗ್ಗೆ ನೀವು ಬಸ್‌ಸ್ಟ್ಯಾಂಡಿಗೆ ಹೋದಾಗ, ಬುರುಡೆ ತಲೆ ಮೇಲೆಲ್ಲ ಮಸಿ ಹಿಡಿದಿದೆ, ತಮ್ಮನ ಮುಂದೆ ಚೆನ್ನಾಗಿ ಕಾಣಲಿ ಅಂತ ಎಲ್ಲ ಕಿತ್ತು ಪಾತ್ರೆ ಪುಡಿ ಹಾಕಿ ಉಜ್ಜಿದೆ."

"ಅದು ಮಸಿಯಲ್ಲ ಮಾರಾಯ್ತಿ! ಗಾಜಿನ ಒಳಗಡೆ ಇರೋ ಲೇಪ! ಹುಟ್ಟಿದಾಗಿಂದ ಇರುತ್ತೆ!"

"ಅದಕ್ಕೇ ಹೋಗ್ಲಿಲ್ಲ, ಎಷ್ಟುಜ್ಜಿದ್ರೂ. ಮೇಲೆ ಬರೆದಿದ್ದ ನಂಬರು ಮಾತ್ರ ಹೋಯ್ತು. ಯಾವುದು ಎಲ್ಲಿತ್ತು ಅಂತ ಗೊತ್ತಾಗದೆ, ಹಿಡಿಸಿದ ಕಡೆ ಸಿಕ್ಕಿಸಿದೆ. ಕೆಂಪಗೇನೋ ಉರೀತು, ಬಾಯಿ ಮಾತ್ರ ಬಿಡ್ಲಿಲ್ಲ."

ನಾನು ಬುರುಡೆಗಳನ್ನು ನೋಡಿದೆ. ಎದೆ ಸೀಳಿದರೂ ನಾಲ್ಕಕ್ಷರವಿಲ್ಲ. ಊರಿನವರನ್ನೆಲ್ಲ ಗೋಡೆಯೆದುರು ಕೂರಿಸಿ ಇರುವೆಯಂಥ ಅಕ್ಷರ ಓದಿಸುವ ನನಗೆ, ಕಣ್ಣೆದುರಿನ ಅಕ್ಷರ ಮಾಯವಾದದ್ದು ಕಂಡಿರಲಿಲ್ಲ.

"ಹಾಗಿದ್ರೆ ಸುಮ್ನಿದ್ದಿದ್ರೆ ಕೋಣೆ ನಿನಗೇ ಸಿಗ್ತಿತ್ತಲ್ಲ?" ಎಂದೆ.

"ನಾನು ಹಾಳು ಮಾಡಿ ನಾನೇ ಗೆದ್ದೆ ಅನ್ನೋದು ಯಾವ ನ್ಯಾಯ? ಇವನು ಬೇರೆ ಬಂದು ನಿಮ್ಮನ್ನ ನೋಡಿ ನಗ್ತಾನೆ. ನಿಮ್ಮನ್ನ ಬೈಯೋದಾದ್ರೆ ನಾನು ಬೈತೀನಿ. ನಗೋಕೆ ಇವನ್ಯಾರು?"

ಅವಳಿಗೆ ಕೋಣೆ ಬೇಕಿತ್ತು, ಆದರೂ ನನ್ನ ಮಾನ ಉಳಿಸಲು ಸ್ನಾನದ ಮನೆಯ ಸ್ಪೀಕರ್ ತಂದಿಟ್ಟಿದ್ದಳು. 'ಇವನು' ಎನಿಸಿಕೊಂಡವನು ನಗುವ ಸ್ಥಿತಿಯಲ್ಲಿರಲಿಲ್ಲ. ಬೆಚ್ಚಗಿದೆ ಎಂದು ಅವನೂ ಕಣ್ಣು ಮುಚ್ಚಿಕೊಂಡು ಹೇಳಿಯಾಗಿತ್ತಲ್ಲ. "ನಾನು ಮರ್ಯಾದೆಗೆ ಹೇಳಿದ್ದು" ಎಂದು ಗೊಣಗಿದ.

ಕರೆಂಟು ಬಂತು. ನಾನು ಛಲ ಬಿಡಲಿಲ್ಲ. ಒಂದೇ ಅಳತೆಯ ಬುರುಡೆಗಳನ್ನು ಆ ಕುಳಿಯಿಂದ ಈ ಕುಳಿಗೆ ಬದಲಾಯಿಸುತ್ತಾ, ಪ್ರತಿಸಲವೂ ಅವು ಕಾಯುವವರೆಗೆ ಕಾಯುತ್ತಾ ಕೂತೆ. ಕಾಫಿ ಬಂತು, ಲೋಟ ಖಾಲಿಯಾಯಿತು, ಸಾಹೇಬ ಒಂದು ನಿದ್ದೆ ತೆಗೆದ. ಕೊನೆಗೆ ಪೆಟ್ಟಿಗೆ ಗೊರ್ ಎಂದಿತು. ಮಗಳು ಮೊಬೈಲಿಗೆ ವೈರು ಸಿಕ್ಕಿಸಿದಳು. ಮೊದಲಿನ ಅದೇ ಹಾಡು, ಈ ಸಲ ನಿಜವಾಗಿಯೂ ವಾಲ್ವಿನಿಂದ, ಹೊರಟಿತು.

ನಾನು ಕಣ್ಣು ಮುಚ್ಚಿ, ತಲೆ ವಾಲಿಸಿ, ದೇವರು ಕೊಟ್ಟ ಕಿವಿಗಳನ್ನು ಪೂರ್ತಿ ಬಿಚ್ಚಿಟ್ಟೆ.

ಇಲ್ಲೊಂದು ವಿಷಯ ಹೇಳಬೇಕು. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿದೆಯಾ, ಹಿಂದಿನದಾ? ಯೋಚನೆ ಮಾಡಬೇಡಿ, ತಕ್ಷಣ ಹೇಳಿ" ಎಂದು ಕೇಳುವುದೇ ನನ್ನ ಕಸುಬು. ಯೋಚಿಸಿದರೆ ಜನ ಸುಳ್ಳು ಹೇಳುತ್ತಾರೆ. ತಟ್ಟನೆ ಹೇಳಿದ್ದೇ ನಿಜ. ನನ್ನ ಜೊತೆ ಇಷ್ಟು ಕಾಲ ಸಂಸಾರ ಮಾಡಿದ ಹೆಂಡತಿಗೆ ಈ ಗುಟ್ಟು ಗೊತ್ತು.

"ರೀ, ಇದು ಚೆನ್ನಾಗಿದೆಯಾ, ಹಿಂದಿನದಾ? ತಕ್ಷಣ ಹೇಳಿ" ಎಂದಳು ಅವಳು ಕಿವಿಯ ಬಳಿ.

"ಹಿಂದಿನದು" ಎಂದೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಣ್ಣು ತೆರೆದಾಗ ಭಾವಮೈದ ಹೊಲಿಗೆ ಮಿಷನ್ನಿನ ಒಂದು ಕಡೆ ಹಿಡಿದು ಕೋಣೆಯ ಬಾಗಿಲಿಗೆ ಬಂದಿದ್ದ. ಇನ್ನೊಂದು ಕಡೆ ಹಿಡಿಯಲು ಹೆಂಡತಿ ನನ್ನನ್ನು ಕೂಗಿದಳು. ನನಗೆ ಸ್ಪಷ್ಟವಾಗಿ ಕೇಳಿಸಿತು.